ಡಬ್ಬದಿಂದ ಹೊರಗಿದ್ದ ರೀಲು: ಡ್ರಮ್‌ಕಾಲಹರ್ ಸಿನಿಮಾ ಬೆಂಕಿ, 1926

ಐರ್ಲೆಂಡಿನ ಲಿಮರಿಕ್ ಕೌಂಟಿಯ ಪಶ್ಚಿಮ ಭಾಗದಲ್ಲಿ, ಕಾರ್ಕ್ ಕೌಂಟಿಯ ಗಡಿಗೆ ಹತ್ತಿಕೊಂಡಂತೆ ಡ್ರಮ್‌ಕಾಲಹರ್ ಎಂಬ ಚಿಕ್ಕ ಊರಿದೆ. 1926ರ ಸೆಪ್ಟೆಂಬರ್ 5ರ ಭಾನುವಾರ ರಾತ್ರಿ ಅಲ್ಲಿ ಸಿನಿಮಾ ಪ್ರದರ್ಶನವಿತ್ತು. ಅದು ಚಿತ್ರಮಂದಿರವಲ್ಲ, ಬೀದಿಯ ಒಂದು ಕಟ್ಟಡದ ಮಹಡಿಯ ಕೋಣೆ. ಊರಿನವರೊಬ್ಬರು ಅದನ್ನು ಬಾಡಿಗೆಗೆ ಹಿಡಿದು ಬೆಂಚು, ಕುರ್ಚಿ ಹಾಕಿಸಿ, ಒಂದು ತುದಿಗೆ ಪರದೆ ಕಟ್ಟಿಸಿದ್ದರು. ಸುಮಾರು 150 ಜನ ಸೇರಿದ್ದರು. ಮೊದಲು ಒಂದು ಕಿರುಚಿತ್ರ ತೊಂದರೆಯಿಲ್ಲದೆ ಮುಗಿಯಿತು. ಮುಖ್ಯ ಚಿತ್ರ ಓಡುತ್ತಿರುವಾಗ ಬಾಗಿಲ ಬಳಿಯ ಮೇಜಿನ ಮೇಲಿದ್ದ ಮೇಣದಬತ್ತಿಯ ಉರಿ ಪಕ್ಕದಲ್ಲಿದ್ದ ತೆರೆದ ರೀಲಿಗೆ ತಗುಲಿತು. ಆ ಬೆಂಕಿ 48 ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚಿನವರನ್ನು ಊರ ಚರ್ಚಿನ ಅಂಗಳದಲ್ಲಿ ಒಂದೇ ಸಮಾಧಿಯಲ್ಲಿ ಹೂಳಿದರು.

ಈ ದುರಂತದ ಮಾತು ಬಂದಾಗಲೆಲ್ಲ ಮೇಣದಬತ್ತಿಯ ಹೆಸರೇ ಮೊದಲು ಬರುತ್ತದೆ. ಅಲ್ಲಿಗೇ ನಿಂತರೆ ಪ್ರಕರಣ ಅರ್ಥವಾಗುವುದಿಲ್ಲ. ಆ ಕಾಲದ ಎಷ್ಟೋ ಹಳ್ಳಿಗಳ ಕೋಣೆಗಳಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಡ್ರಮ್‌ಕಾಲಹರ್‌ನಲ್ಲಿ ಕಿಡಿಗೂ ಜನರಿಗೂ ನಡುವೆ ಇರಬೇಕಾಗಿದ್ದ ಮೂರು ತಡೆಗಳಲ್ಲಿ ಒಂದೂ ಇರಲಿಲ್ಲ. ಅವು ರೀಲಿನ ಲೋಹದ ಡಬ್ಬ, ಪ್ರೊಜೆಕ್ಟರಿಗೆ ಮೀಸಲಾದ ಪ್ರತ್ಯೇಕ ಕೋಣೆ ಅಂದರೆ ಕ್ಯಾಬಿನ್, ಮತ್ತು ಎರಡನೇ ಬಾಗಿಲು. ಇವುಗಳಲ್ಲಿ ಯಾವುದಾದರೂ ಒಂದು ಇದ್ದಿದ್ದರೂ ಸಾವಿನ ಲೆಕ್ಕ ಬೇರೆಯಾಗುತ್ತಿತ್ತು.

ರೀಲು ಡಬ್ಬವಿಲ್ಲದೆ ಬಂದದ್ದು ಏಕೆ

ಚಿತ್ರದ ಪ್ರಿಂಟು ಬಂದದ್ದು ಕಾರ್ಕ್ ನಗರದ ಒಂದು ಚಿತ್ರಮಂದಿರದಿಂದ. ಅಲ್ಲಿ ಭಾನುವಾರ ಪ್ರದರ್ಶನವಿರಲಿಲ್ಲ. ಶನಿವಾರ ರಾತ್ರಿ ಕೊನೆಯ ಆಟ ಮುಗಿದರೆ ಸೋಮವಾರದವರೆಗೆ ರೀಲುಗಳು ಸುಮ್ಮನೆ ಬಿದ್ದಿರುತ್ತಿದ್ದವು. ಆ ಒಂದು ದಿನದ ಬಿಡುವಿನಲ್ಲಿ ರೀಲುಗಳನ್ನು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಗೆ ಒಯ್ದು ಆಡಿಸಿ, ಸೋಮವಾರಕ್ಕೆ ವಾಪಸು ಇಟ್ಟುಬಿಡುವುದು ಯೋಜನೆ. ವಿತರಕರಿಗೆ ತಿಳಿಸದೆ ಮಾಡುವ ಕೆಲಸವಾದ್ದರಿಂದ ಸದ್ದಿಲ್ಲದೆ ಆಗಬೇಕಿತ್ತು. ಲೋಹದ ಡಬ್ಬಗಳನ್ನು ಕಾರ್ಕ್‌ನಲ್ಲೇ ಬಿಟ್ಟು, ರೀಲುಗಳನ್ನು ಮಾತ್ರ ಒಂದು ಚರ್ಮದ ಕೈಚೀಲಕ್ಕೆ ತುಂಬಿ ಆಪರೇಟರ್ ಹೊತ್ತು ತಂದರು.

ಸಾವಿರ ಅಡಿಯ 35 ಎಂ.ಎಂ. ರೀಲೊಂದು ಎರಡು ಕಿಲೋಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. ಐದಾರು ರೀಲಿನ ಚಿತ್ರವೆಂದರೆ ಹತ್ತು ಹನ್ನೆರಡು ಕಿಲೋ. ಡಬ್ಬಗಳೂ ಸೇರಿದರೆ ಹೊರೆ ಭಾರವಾಗುತ್ತದೆ, ಕಣ್ಣಿಗೂ ಬೀಳುತ್ತದೆ. ಡಬ್ಬ ಬಿಟ್ಟುಬರಲು ಕಾರಣ ಇಷ್ಟೇ.

ನಮ್ಮ ತಾಲ್ಲೂಕು ಊರುಗಳ ಟಾಕೀಸುಗಳನ್ನು ಬಲ್ಲವರಿಗೆ ಈ ಏರ್ಪಾಡಿನ ಅರ್ಧ ಪರಿಚಿತವೇ. ಒಂದೇ ಪ್ರಿಂಟನ್ನು ಅಕ್ಕಪಕ್ಕದ ಎರಡು ಊರುಗಳು ಹಂಚಿಕೊಳ್ಳುವುದಿತ್ತು. ಇಲ್ಲಿ ಮೊದಲ ರೀಲುಗಳು ಮುಗಿದ ಕೂಡಲೇ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ ಅಲ್ಲಿಗೆ ಓಡಿಸುತ್ತಿದ್ದರು. ಆದರೆ ಹೀಗೆ ಸಾಗುತ್ತಿದ್ದದ್ದು ಮುಚ್ಚಳ ಹಾಕಿದ ಡಬ್ಬ. ರೀಲನ್ನು ಬರಿದಾಗಿ ಒಯ್ಯುವ ಯೋಚನೆ ಆಪರೇಟರಿಗೆ ಬರುತ್ತಿರಲಿಲ್ಲ, ಏಕೆಂದರೆ ದೂಳು ಕೂತರೆ ಗೆರೆ ಬೀಳುತ್ತದೆ. ದೂಳಿನ ಭಯಕ್ಕೆ ಕೈಗೆ ಹತ್ತಿದ ಆ ರೂಢಿ ಬೆಂಕಿಯಿಂದಲೂ ಕಾಪಾಡುತ್ತಿತ್ತು.

ನೈಟ್ರೇಟ್ ಎಂಬ ವಸ್ತು

1950ರ ದಶಕದ ಆರಂಭದವರೆಗೂ 35 ಎಂ.ಎಂ. ಚಿತ್ರಗಳನ್ನು ಬಹುತೇಕ ಸೆಲ್ಯುಲೋಸ್ ನೈಟ್ರೇಟ್ ಪಟ್ಟಿಯ ಮೇಲೆ ಮುದ್ರಿಸುತ್ತಿದ್ದರು. ಇದು ಗನ್‌ಕಾಟನ್ ಎಂಬ ಸಿಡಿಮದ್ದಿನ ಹತ್ತಿರದ ಸಂಬಂಧಿ. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ, ಕರ್ಪೂರ ಬೆರೆಸಿ ಮೆದುವಾಗಿಸಿದ ಪದಾರ್ಥ. ಚಿತ್ರ ಇದರ ಮೇಲೆ ಬಹಳ ಚೆನ್ನಾಗಿ ಮೂಡುತ್ತಿತ್ತು, ಪಟ್ಟಿ ಗಟ್ಟಿಯಾಗಿಯೂ ಇರುತ್ತಿತ್ತು. ಅದಕ್ಕೇ ಅಷ್ಟು ವರ್ಷ ಬಾಳಿತು.

ಇದರ ದೋಷ ಅಣುವಿನ ರಚನೆಯಲ್ಲೇ ಇದೆ. ಉರಿಯಲು ಬೇಕಾದ ಆಮ್ಲಜನಕ ಪಟ್ಟಿಯೊಳಗೇ ಕೂತಿದೆ. ಕಾಗದ, ಬಟ್ಟೆ, ಸೌದೆಗಳ ಬೆಂಕಿಯನ್ನು ಕಂಬಳಿ ಮುಚ್ಚಿ ಗಾಳಿ ತಪ್ಪಿಸಿದರೆ ನಂದಿಸಬಹುದು. ನೈಟ್ರೇಟ್ ರೀಲು ಒಮ್ಮೆ ಚೆನ್ನಾಗಿ ಹೊತ್ತಿಕೊಂಡರೆ ಮರಳಿನಡಿಯಲ್ಲೂ ನೀರಿನಡಿಯಲ್ಲೂ ಉರಿಯುತ್ತಲೇ ಇರುತ್ತದೆ. ಬಡಿದು ಆರಿಸಲು ಹೋದರೆ ಉರಿಯುವ ಸುರುಳಿ ಚೆದರಿ ಪಕ್ಕದ ರೀಲಿಗೆ ದಾಟುತ್ತದೆ. ಗಟ್ಟಿಯಾಗಿ ಸುತ್ತಿದ ರೀಲು ಉರಿಯುವುದಕ್ಕಿಂತ ಭಯಂಕರವಾದ ಇನ್ನೊಂದು ಸ್ಥಿತಿಯೂ ಇದೆ. ಜ್ವಾಲೆಯೇ ಇಲ್ಲದೆ ಒಳಗೊಳಗೇ ಕೊಳೆತಂತೆ ಕಾದು ದಟ್ಟ ಹೊಗೆ ಕಾರುತ್ತದೆ. ಆ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳೂ ಕಾರ್ಬನ್ ಮಾನಾಕ್ಸೈಡೂ ಇರುತ್ತವೆ. 1929ರ ಮೇ 15ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಒಂದು ಆಸ್ಪತ್ರೆಯಲ್ಲಿ ದಾಸ್ತಾನಿದ್ದ ನೈಟ್ರೇಟ್ ಎಕ್ಸ್‌ರೇ ಫಿಲ್ಮಿಗೆ ಬೆಂಕಿ ಬಿದ್ದಾಗ 123 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರ ಜೀವ ತೆಗೆದದ್ದು ಉರಿಯಲ್ಲ, ಆ ಅನಿಲ.

ಇಂಥ ವಸ್ತುವಿನೊಡನೆ ದಿನಕ್ಕೆ ಮೂರು ನಾಲ್ಕು ಆಟ ನಡೆಸಿದ ಸಾವಿರಾರು ಚಿತ್ರಮಂದಿರಗಳು ಸುರಕ್ಷಿತವಾಗಿದ್ದದ್ದು ಅದೃಷ್ಟದಿಂದಲ್ಲ. ಎಲ್ಲ ಕಡೆ ಒಂದೇ ಸೂತ್ರವಿತ್ತು: ಒಂದು ಸಮಯಕ್ಕೆ ಕಡಿಮೆ ಫಿಲ್ಮು ಮಾತ್ರ ಹೊರಗಿರಬೇಕು, ಉಳಿದದ್ದೆಲ್ಲ ಲೋಹದೊಳಗಿರಬೇಕು. ಪ್ರೊಜೆಕ್ಟರಿನ ಮೇಲೆ ಒಂದು, ಕೆಳಗೆ ಒಂದು ಮುಚ್ಚಿದ ಲೋಹದ ಪೆಟ್ಟಿಗೆ ಇರುತ್ತಿತ್ತು. ರೀಲು ಆ ಪೆಟ್ಟಿಗೆಯೊಳಗೇ ತಿರುಗಬೇಕು. ಫಿಲ್ಮು ಹೊರಬರುವ ಮತ್ತು ಒಳಹೋಗುವ ಕಿಂಡಿಯಲ್ಲಿ ಒತ್ತೊತ್ತಾಗಿ ಕೂತ ಉರುಳೆಗಳಿರುತ್ತಿದ್ದವು. ಗೇಟಿನಲ್ಲಿ, ಅಂದರೆ ಫಿಲ್ಮು ದೀಪದ ಬೆಳಕಿಗೆ ಎದುರಾಗುವ ಜಾಗದಲ್ಲಿ, ಬೆಂಕಿ ಹತ್ತಿದರೂ ಅದು ಉರುಳೆಗಳ ನಡುವೆ ಸಿಕ್ಕಿ ಆರಿಹೋಗುತ್ತಿತ್ತು, ಪೆಟ್ಟಿಗೆಯೊಳಕ್ಕೆ ನುಗ್ಗುತ್ತಿರಲಿಲ್ಲ. ಹೀಗೆ ಯಾವ ಕ್ಷಣದಲ್ಲೂ ತೆರೆದ ಗಾಳಿಯಲ್ಲಿರುವುದು ಕೆಲವೇ ಅಡಿ ಫಿಲ್ಮು.

ಆಪರೇಟರ್ ಕಲಿಯುವ ಮೊದಲ ಪಾಠವೂ ಇದೇ ಸೂತ್ರಕ್ಕೆ ಸೇರಿದ್ದು. ವಾಕ್ಚಿತ್ರದ ವೇಗದಲ್ಲಿ ನಿಮಿಷಕ್ಕೆ 90 ಅಡಿ, ಸೆಕೆಂಡಿಗೆ 24 ಚೌಕಟ್ಟು ಫಿಲ್ಮು ಗೇಟಿನ ಮುಂದೆ ಸಾಗುತ್ತದೆ. ಓಡುತ್ತಿರುವಷ್ಟು ಹೊತ್ತು ಒಂದೊಂದು ಚೌಕಟ್ಟಿಗೂ ಬೆಳಕಿನ ಬಿಸಿ ಕ್ಷಣದ ಸಣ್ಣ ಪಾಲಿನಷ್ಟೇ ತಾಗುತ್ತದೆ. ಫಿಲ್ಮು ತುಂಡಾಗಿಯೋ ರಂಧ್ರ ಹರಿದೋ ಅಲ್ಲೇ ನಿಂತರೆ ಆರ್ಕ್ ದೀಪದ ಬಿಸಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಫಿಲ್ಮು ತುಂಡಾದರೆ ಮೊದಲು ದೀಪದ ಮುಂದಿನ ತಗಡು ಬೀಳಿಸಬೇಕು, ಆಮೇಲೆ ಮೋಟಾರು ನಿಲ್ಲಿಸಬೇಕು. ಈ ಕ್ರಮ ತಿರುವುಮುರುವಾದರೆ ಬೆಂಕಿ ಖಚಿತ.

ಕ್ಯಾಬಿನ್ ಇಲ್ಲದ ಕೋಣೆ

ಡ್ರಮ್‌ಕಾಲಹರ್‌ನಲ್ಲಿ ಪ್ರೊಜೆಕ್ಟರ್ ನಿಂತದ್ದು ಜನರಿದ್ದ ಕೋಣೆಯಲ್ಲೇ, ಬಾಗಿಲ ಕಡೆಯ ತುದಿಯಲ್ಲಿ. ಯಂತ್ರಕ್ಕೆ ಕರೆಂಟು ಹೊರಗೆ ನಿಂತ ಲಾರಿಯ ಜನರೇಟರಿನಿಂದ ಬರುತ್ತಿತ್ತು, ಮೇಜಿಗೆ ಮೇಣದಬತ್ತಿ. ಆಡಿಸಬೇಕಾದ ರೀಲುಗಳನ್ನು ಅದೇ ಮೇಜಿನ ಮೇಲೆ ಇಟ್ಟಿದ್ದರು.

ಆ ಕಾಲಕ್ಕೂ ಇದು ಕಾನೂನಿಗೆ ವಿರುದ್ಧವೇ. 1909ರಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಸಿನಿಮಾಟೋಗ್ರಾಫ್ ಕಾಯ್ದೆ ಐರ್ಲೆಂಡಿಗೂ ಅನ್ವಯಿಸುತ್ತಿತ್ತು, ಸ್ವತಂತ್ರ ರಾಜ್ಯವಾದ ಮೇಲೂ ಮುಂದುವರಿದಿತ್ತು. ಹೊತ್ತಿಕೊಳ್ಳುವ ಫಿಲ್ಮನ್ನು ಎಲ್ಲಿ ಆಡಿಸಿದರೂ ಪ್ರೊಜೆಕ್ಟರಿಗೆ ಬೆಂಕಿ ತಡೆಯುವ ಪ್ರತ್ಯೇಕ ಕೋಣೆ ಇರಬೇಕು, ಅದರ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು, ಬೆಳಕು ಹೊರಬೀಳುವ ಕಿಂಡಿಗೆ ಕಬ್ಬಿಣದ ಮುಚ್ಚಳ ಇರಬೇಕು, ಮರಳು, ನೀರು ಮತ್ತು ಒದ್ದೆ ಕಂಬಳಿ ಕೈಗೆಟಕುವಂತಿರಬೇಕು, ಬಳಸದ ರೀಲು ಮುಚ್ಚಿದ ಲೋಹದ ಪೆಟ್ಟಿಗೆಯಲ್ಲಿರಬೇಕು ಎಂಬುದು ಅದರ ನಿಯಮಗಳ ಸಾರ.

ಅದೇ ಕಾಯ್ದೆಯಲ್ಲಿ ಸಣ್ಣ ಊರುಗಳಿಗೆ ಒಂದು ರಿಯಾಯಿತಿಯೂ ಇತ್ತು. ವರ್ಷಕ್ಕೆ ಆರು ದಿನ ಮೀರದಂತೆ ಅಪರೂಪಕ್ಕೆ ಸಿನಿಮಾ ತೋರಿಸುವ ಜಾಗಕ್ಕೆ ಪರವಾನಗಿ ಬೇಕಿಲ್ಲ, ಏಳು ದಿನ ಮುಂಚಿತವಾಗಿ ಸ್ಥಳೀಯ ಆಡಳಿತಕ್ಕೂ ಪೊಲೀಸರಿಗೂ ಬರೆದು ತಿಳಿಸಿದರೆ ಸಾಕು. ಆದರೆ ಸುರಕ್ಷತೆಯ ನಿಯಮಗಳಿಂದ ವಿನಾಯಿತಿ ಇಲ್ಲ. ಕಾಗದದ ಮೇಲೆ ಸಮತೋಲದ ಏರ್ಪಾಡು ಇದು. ಕೆಲಸಕ್ಕೆ ಬಂದಾಗ ಅದರ ದುರ್ಬಲ ಜಾಗ ಕಾಣುತ್ತದೆ. ಖಾಯಂ ಚಿತ್ರಮಂದಿರವನ್ನು ಪರವಾನಗಿಗೆ ಮೊದಲು ಯಾರಾದರೂ ಬಂದು ಅಳೆದು ನೋಡುತ್ತಾರೆ. ಒಂದು ರಾತ್ರಿಯ ಪ್ರದರ್ಶನವನ್ನು ನೋಡುವವರಿಲ್ಲ. ಕದ್ದುಮುಚ್ಚಿ ನಡೆಯುವ ಪ್ರದರ್ಶನದ ವಿಷಯವಂತೂ ಕೇಳುವುದೇ ಬೇಡ.

ಇದೇ ಕಾಯ್ದೆಯ ಅಚ್ಚಿನಲ್ಲಿ ಭಾರತದಲ್ಲಿ 1918ರ ಸಿನಿಮಾಟೋಗ್ರಾಫ್ ಕಾಯ್ದೆ ಬಂತು, ಆಮೇಲೆ 1952ರದ್ದು. ಚಿತ್ರಮಂದಿರಗಳ ಪರವಾನಗಿಯನ್ನು ನಮ್ಮ ರಾಜ್ಯದಲ್ಲಿ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ನೋಡಿಕೊಳ್ಳುತ್ತದೆ. ಟೂರಿಂಗ್ ಟಾಕೀಸನ್ನು ಕಂಡವರು ನೆನಪಿಸಿಕೊಳ್ಳಬಹುದು: ಡೇರೆ ಬಟ್ಟೆಯದ್ದಾದರೂ ಪ್ರೊಜೆಕ್ಟರ್ ಕೋಣೆ ಮಾತ್ರ ಇಟ್ಟಿಗೆಯದ್ದೋ ತಗಡಿನದ್ದೋ ಆಗಿ ಡೇರೆಯಿಂದ ಬೇರೆಯೇ ನಿಂತಿರುತ್ತಿತ್ತು. ಗೋಡೆಯಲ್ಲಿ ಎರಡು ಮೂರು ಚೌಕ ಕಿಂಡಿ, ಹೊರಗೆ ಸಾಲಾಗಿ ತೂಗುಹಾಕಿದ ಕೆಂಪು ಮರಳು ಬಕೆಟ್ಟುಗಳು. ಕಿಂಡಿಯ ಮುಚ್ಚಳವನ್ನು ದಾರದಲ್ಲಿ ಮೇಲಕ್ಕೆ ಕಟ್ಟಿರುತ್ತಿದ್ದರು. ನಡುವೆ ಬಿಸಿಗೆ ಬೇಗ ಕರಗುವ ಲೋಹದ ಕೊಂಡಿ ಇದ್ದರೆ, ಒಳಗೆ ಬೆಂಕಿ ಎದ್ದ ಕೂಡಲೇ ಯಾರೂ ಮುಟ್ಟದೆಯೇ ಮುಚ್ಚಳ ಬಿದ್ದು ಹೊಗೆಯನ್ನು ಕ್ಯಾಬಿನ್ನಿನಲ್ಲೇ ಹಿಡಿದಿಡುತ್ತದೆ. ನೆಲಕ್ಕೆ ಕೂತು ನೋಡುತ್ತಿದ್ದವರಿಗೆ ಆ ಕಿಂಡಿ ಬೆಳಕು ಬರುವ ಜಾಗ. ಅದನ್ನು ಕಟ್ಟಿದವರಿಗೆ ಅದು ಬೆಂಕಿ ನಿಲ್ಲುವ ಜಾಗವೂ ಆಗಿತ್ತು.

ಬಾಗಿಲಿನ ಲೆಕ್ಕ

ಡ್ರಮ್‌ಕಾಲಹರ್‌ನ ಕೋಣೆಗೆ ಹತ್ತಲು ಇದ್ದದ್ದು ಏಣಿಯಂಥ ಕಡಿದಾದ ಮರದ ಮೆಟ್ಟಿಲು, ಅದರ ತುದಿಗೆ ಒಂದೇ ಬಾಗಿಲು. ರೀಲುಗಳಿದ್ದ ಮೇಜು ಆ ಬಾಗಿಲ ಪಕ್ಕದಲ್ಲೇ. ಎದುರು ತುದಿಯಲ್ಲಿ, ಪರದೆಯ ಕಡೆ, ಕಿಟಕಿಗಳಿದ್ದವು, ಆದರೆ ಅವಕ್ಕೆ ಕಬ್ಬಿಣದ ಸರಳು. ಬೆಂಕಿ ಎದ್ದಾಗ ಬಾಗಿಲ ಹತ್ತಿರವಿದ್ದವರು ಇಳಿದು ಪಾರಾದರು. ಪರದೆಗೆ ಹತ್ತಿರ ಕೂತವರಿಗೆ ಬಾಗಿಲಿಗೆ ಹೋಗಲು ಉರಿಯನ್ನು ದಾಟಬೇಕಿತ್ತು, ಹಿಂದೆ ಸರಿದರೆ ಸರಳು.

ಬೆಂಕಿಯೇ ಇಲ್ಲದಿದ್ದರೂ ಆ ಕೋಣೆಯನ್ನು ಖಾಲಿ ಮಾಡಲು ಎಷ್ಟು ಹೊತ್ತು ಬೇಕಾಗುತ್ತಿತ್ತು? ಕಟ್ಟಡ ಸುರಕ್ಷತೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಂದಾಜಿನಂತೆ, ಒಬ್ಬರ ಹಿಂದೊಬ್ಬರು ಸಾಗುವಷ್ಟು ಅಗಲದಲ್ಲಿ, ಅಂದರೆ ಸುಮಾರು 21 ಇಂಚಿನಲ್ಲಿ, ನಿಮಿಷಕ್ಕೆ ಸುಮಾರು 40 ಜನ ಹೊರಬೀಳಬಹುದು. 150 ಜನ ಒಂದೇ ಸಾಲಿನಲ್ಲಿ ಇಳಿದರೆ ಹತ್ತಿರಹತ್ತಿರ ನಾಲ್ಕು ನಿಮಿಷ. ಇದು ಯಾರೂ ನೂಕದೆ, ಯಾರೂ ಎಡವದೆ, ಒಳ್ಳೆಯ ಮೆಟ್ಟಿಲಲ್ಲಿ ಇಳಿದರೆ ಸಿಗುವ ಸಂಖ್ಯೆ. ಕತ್ತಲಲ್ಲಿ ಏಣಿಯಂಥ ಮೆಟ್ಟಿಲಾದರೆ ಇನ್ನೂ ಹೆಚ್ಚು. ಬ್ರಿಟನ್ನಿನಲ್ಲಿ ಸಭಾಂಗಣ ಖಾಲಿಯಾಗಲು ಗುರಿಯಾಗಿ ಇಟ್ಟುಕೊಂಡದ್ದು ಎರಡೂವರೆ ನಿಮಿಷ. 1911ರಲ್ಲಿ ಎಡಿನ್‌ಬರೋದ ಎಂಪೈರ್ ಪ್ಯಾಲೇಸ್ ರಂಗಮಂದಿರದ ವೇದಿಕೆಯಲ್ಲಿ ಬೆಂಕಿ ಎದ್ದಾಗ ಸುರಕ್ಷತಾ ಪರದೆ ಇಳಿಯಿತು, ತುಂಬಿದ ಸಭೆ ಅಷ್ಟೇ ಹೊತ್ತಿನಲ್ಲಿ ಹೊರಬಂದು ಪಾರಾಯಿತು. ಆ ಅನುಭವದಿಂದ ಬಂದ ಅಂಕಿ ಅದು. ನೈಟ್ರೇಟ್ ರೀಲುಗಳ ರಾಶಿ ನಾಲ್ಕು ನಿಮಿಷ ಕಾಯುವುದಿಲ್ಲ.

ಮೂರು ವರ್ಷದ ನಂತರ, 1929ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಗ್ಲೆನ್ ಸಿನಿಮಾದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕ್ಯಾಬಿನ್ ಇತ್ತು, ಡಬ್ಬವೂ ಇತ್ತು. ಮಕ್ಕಳ ಮಧ್ಯಾಹ್ನದ ಆಟ. ರೀಲಿದ್ದ ಲೋಹದ ಡಬ್ಬವನ್ನು ಬ್ಯಾಟರಿಯ ಮೇಲೆ ಇಟ್ಟಿದ್ದರಿಂದ ಶಾರ್ಟ್ ಸರ್ಕ್ಯೂಟ್ ಆಗಿ ಒಳಗಿನ ಫಿಲ್ಮು ಹೊಗೆಯಾಡತೊಡಗಿತು. ಡಬ್ಬವನ್ನು ಹೊರಗೆ ಎಸೆದರು. ಸಭಾಂಗಣಕ್ಕೆ ಬೆಂಕಿ ತಗುಲಲೇ ಇಲ್ಲ. ಆದರೆ ಹೊಗೆ ಕಂಡ ಮಕ್ಕಳು ಪರದೆಯ ಹಿಂದಿನ ಮೆಟ್ಟಿಲಿನತ್ತ ಓಡಿದರು. ಕೆಳಗಿನ ಕಬ್ಬಿಣದ ಗೇಟು ಮುಚ್ಚಿತ್ತು. ಒಬ್ಬರ ಮೇಲೊಬ್ಬರು ಬಿದ್ದು ಉಸಿರುಗಟ್ಟಿ 71 ಮಕ್ಕಳು ತೀರಿಕೊಂಡರು. ಪೇಸ್ಲಿಯಲ್ಲಿ ಡಬ್ಬ ತನ್ನ ಕೆಲಸ ಮಾಡಿತು, ಬಾಗಿಲು ಮಾಡಲಿಲ್ಲ. ಡ್ರಮ್‌ಕಾಲಹರ್‌ನಲ್ಲಿ ಡಬ್ಬವೂ ಇರಲಿಲ್ಲ, ಬಾಗಿಲೂ ಸಾಲಲಿಲ್ಲ.

ಬಾಗಿಲಿನ ಈ ಪಾಠ ನೈಟ್ರೇಟ್ ಜೊತೆಗೇ ಮುಗಿದುಹೋಗಲಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಾಗ ಫಿಲ್ಮಿಗೆ ಏನೂ ಆಗಿರಲಿಲ್ಲ. ನೆಲಮಹಡಿಯ ಟ್ರಾನ್ಸ್‌ಫಾರ್ಮರಿನ ಬೆಂಕಿಯ ಹೊಗೆ ಬಾಲ್ಕನಿಗೆ ಏರಿತು. ಹೆಚ್ಚುವರಿ ಸೀಟು ಹಾಕಿ ಹೊರದಾರಿಯನ್ನು ಕಿರಿದು ಮಾಡಿದ್ದರಿಂದ ಜನ ಒಳಗೇ ಸಿಕ್ಕಿಕೊಂಡರು.

ಡ್ರಮ್‌ಕಾಲಹರ್ ಪ್ರಕರಣದಲ್ಲಿ ನರಹತ್ಯೆಯ ಆರೋಪದ ಮೇಲೆ ಮೊಕದ್ದಮೆ ಹೂಡಿದರು, ಯಾರಿಗೂ ಶಿಕ್ಷೆ ಆಗಲಿಲ್ಲ. ಸಂತ್ರಸ್ತರ ನೆರವಿಗೆ ನಿಧಿ ಎತ್ತಿದರು. ಆಗ ಐರ್ಲೆಂಡಿಗೆ ಬಂದಿದ್ದ ಅಮೆರಿಕದ ನಟ ವಿಲ್ ರಾಜರ್ಸ್ ಡಬ್ಲಿನ್ನಿನಲ್ಲಿ ಆ ನಿಧಿಗಾಗಿ ಕಾರ್ಯಕ್ರಮ ಕೊಟ್ಟರು.

ಇವತ್ತಿನ ಒಂದು ರಾತ್ರಿಯ ಪ್ರದರ್ಶನ

ಸಣ್ಣ ಊರಿನ ಟಾಕೀಸುಗಳು ಮುಚ್ಚುತ್ತಿದ್ದಂತೆ ಸಿನಿಮಾ ಮತ್ತೆ ತಾತ್ಕಾಲಿಕ ಜಾಗಗಳಿಗೆ ಬಂದಿದೆ. ಗಣೇಶನ ಪೆಂಡಾಲು, ಶಾಲೆಯ ಹಾಲ್, ಸಮುದಾಯ ಭವನದ ಮಹಡಿ, ಫಿಲಂ ಸೊಸೈಟಿಯ ಬಾಡಿಗೆ ಕೋಣೆ. ಈಗಿನ ಡಿಜಿಟಲ್ ಪ್ರೊಜೆಕ್ಟರಿನಲ್ಲಿ ಹೊತ್ತಿಕೊಳ್ಳುವ ರೀಲಿಲ್ಲ. ಆದರೆ ಡ್ರಮ್‌ಕಾಲಹರ್‌ನ ಕೋಣೆಯ ನಕ್ಷೆ ನಮ್ಮಲ್ಲಿ ಹೆಜ್ಜೆಹೆಜ್ಜೆಗೆ ಸಿಗುತ್ತದೆ: ಮಹಡಿ, ಒಂದೇ ಮೆಟ್ಟಿಲು, ಎಲ್ಲ ಕಿಟಕಿಗೂ ಗ್ರಿಲ್. ಬೆಳಕು ಒಳಬರಬಾರದೆಂದು ರೋಲಿಂಗ್ ಶಟರನ್ನು ಅರ್ಧಕ್ಕೆ ಇಳಿಸುವುದು ಬೇರೆ.

ಆದ್ದರಿಂದ ಪ್ರದರ್ಶನ ಏರ್ಪಡಿಸುವವರು ಕುರ್ಚಿ ಹಾಕುವ ಮೊದಲು ಬಾಗಿಲು ಎಣಿಸಬೇಕು. ಎರಡು ಬಾಗಿಲು ಕೋಣೆಯ ಎರಡು ಬೇರೆ ಬೇರೆ ಬದಿಗಳಲ್ಲಿರಬೇಕು. ಪಕ್ಕಪಕ್ಕದಲ್ಲಿರುವ ಎರಡು ಬಾಗಿಲನ್ನು ಬೆಂಕಿ ಒಂದೇ ಬಾಗಿಲೆಂದು ಎಣಿಸುತ್ತದೆ. ಎರಡನೆಯದರ ಬೀಗ ತೆಗೆಸಿ, ಹೊರಗೆ ನಿಲ್ಲಿಸಿದ ಬೈಕುಗಳನ್ನು ಸರಿಸಿ, ಒಬ್ಬರನ್ನು ಅಲ್ಲಿ ಕೂರಿಸಬೇಕು. ಒಂದೇ ಬಾಗಿಲಿರುವ ಮಹಡಿಯಾದರೆ ಪ್ರದರ್ಶನವನ್ನು ಕೆಳಗಿನ ಅಂಗಳಕ್ಕೆ ತರುವುದೇ ಸರಿ. ಆ ಕೋಣೆಯಲ್ಲಿ ಜನರನ್ನು ಕಡಿಮೆ ಮಾಡುತ್ತೇವೆ ಎಂಬ ರಾಜಿ ಬೇಡ, ಏಕೆಂದರೆ ಸಿನಿಮಾ ಚೆನ್ನಾಗಿದ್ದರೆ ಬರುವವರನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ.

ಬಿಸಿಯಾಗುವ, ಕಿಡಿ ಹಾರಿಸುವ ವಸ್ತು ಬಾಗಿಲ ಬಳಿ ಇರಬಾರದು. ಪ್ರೊಜೆಕ್ಟರ್, ಎಕ್ಸ್‌ಟೆನ್ಷನ್ ಬೋರ್ಡು, ಆಂಪ್ಲಿಫೈಯರ್, ಜನರೇಟರಿನಿಂದ ಬರುವ ವೈರು ಇವೆಲ್ಲ ಸಹಜವಾಗಿ ಹಿಂದಿನ ಬಾಗಿಲ ಪಕ್ಕಕ್ಕೇ ಬಂದು ಕೂರುತ್ತವೆ, ಏಕೆಂದರೆ ಪರದೆ ಎದುರಿಗಿರುತ್ತದೆ, ಪ್ಲಗ್ ಪಾಯಿಂಟು ಬಾಗಿಲ ಪಕ್ಕದಲ್ಲಿರುತ್ತದೆ. ಡ್ರಮ್‌ಕಾಲಹರ್‌ನ ಮೇಜು ಅಲ್ಲಿ ನಿಂತದ್ದೂ ಹೀಗೆ ಸಹಜವಾಗಿಯೇ. ಸ್ವಲ್ಪ ಉದ್ದದ ವೈರು ತಂದು ಯಂತ್ರವನ್ನು ಬಾಗಿಲುಗಳಿಂದ ದೂರದ ಮೂಲೆಗೆ ಸರಿಸಿ. ಜನರೇಟರ್ ಹೊರಗಿರಲಿ, ಅದರ ಹೊಗೆ ಕಿಟಕಿಯತ್ತ ಬಾರದಿರಲಿ, ಡೀಸೆಲ್ ಕ್ಯಾನು ಮೆಟ್ಟಿಲಿನ ಕೆಳಗೆ ಇರದಿರಲಿ. ಕರೆಂಟು ಹೋದರೆ ಮೇಣದಬತ್ತಿ ಹಚ್ಚಬೇಡಿ, ಬ್ಯಾಟರಿ ದೀಪ ಇಟ್ಟುಕೊಳ್ಳಿ.

ಮುಚ್ಚಿದ ಟಾಕೀಸಿನಲ್ಲಿ ಹಳೆಯ ರೀಲು ಸಿಕ್ಕರೆ

ಹಳೆಯ ಟಾಕೀಸನ್ನು ಕೆಡವಿ ಕಲ್ಯಾಣಮಂಟಪ ಕಟ್ಟುವಾಗ ಕ್ಯಾಬಿನ್ನಿನ ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬಗಳು ಸಿಗುವುದುಂಟು. ಹೆಚ್ಚಿನವು ನಂತರದ ಸೇಫ್ಟಿ ಫಿಲ್ಮು, ಅಂದರೆ ಅಸಿಟೇಟ್ ಅಥವಾ ಪಾಲಿಯೆಸ್ಟರ್. ಅವು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಎಂ.ಎಂ. ಪ್ರಿಂಟು ಆಗಿದ್ದರೆ ನೈಟ್ರೇಟ್ ಎಂದೇ ಭಾವಿಸಿ ನಡೆಯಬೇಕು. ಫಿಲ್ಮಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ನೈಟ್ರೇಟ್ ಅಥವಾ ಸೇಫ್ಟಿ ಎಂದು ಅಚ್ಚಾಗಿರುತ್ತದೆ. ಅಂಚಿನ ಅಕ್ಷರವೊಂದನ್ನೇ ನಂಬಬಾರದು, ಪ್ರಿಂಟ್ ಮಾಡುವಾಗ ಮೂಲ ನೆಗೆಟಿವಿನ ಅಂಚಿನ ಬರಹವೂ ಪ್ರತಿಯ ಮೇಲೆ ಬಂದಿರಬಹುದು. ಅಸಿಟೇಟ್ ಕೆಟ್ಟರೆ ವಿನೆಗರಿನ ಹುಳಿ ವಾಸನೆ ಬರುತ್ತದೆ. ನೈಟ್ರೇಟ್ ಕೆಟ್ಟರೆ ಮೊದಲು ಚಿತ್ರ ಮಾಸಿ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಜಿಗುಟಾಗುತ್ತದೆ, ನೊರೆಗಟ್ಟುತ್ತದೆ, ಒಂದೇ ಗಡ್ಡೆಯಾಗುತ್ತದೆ, ಕೊನೆಗೆ ಕಂದು ಪುಡಿಯಾಗುತ್ತದೆ. ಕೆಟ್ಟ ನೈಟ್ರೇಟ್ ಹೊಸದಕ್ಕಿಂತ ಅಪಾಯಕಾರಿ. ಅದು ಸುಮಾರು 41 ಡಿಗ್ರಿ ಬಿಸಿಯಲ್ಲಿ ಬಹಳ ದಿನ ಇದ್ದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಮಾಡಿನಡಿ ಆ ಬಿಸಿ ದಿನವೂ ದಾಟುತ್ತದೆ.

ಹೀಗೆ ಸಿಕ್ಕ ರೀಲನ್ನು ಆಡಿಸಿ ನೋಡಬೇಡಿ. ಒಂದು ತುಂಡು ಕತ್ತರಿಸಿ ಕಡ್ಡಿ ಗೀರಿ ಪರೀಕ್ಷಿಸುವ ಹಳೆಯ ಅಭ್ಯಾಸವೂ ಬೇಡ. ಗುಜರಿಗೆ ಹಾಕಬೇಡಿ, ಅಲ್ಲಿ ಅದು ಸುಡುವ ಕಸದ ಜೊತೆ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಬೇಡಿ. ಫಿಲ್ಮು ಕೆಡುವಾಗ ಹೊರಡುವ ಅನಿಲ ಒಳಗೇ ಉಳಿದರೆ ಕೊಳೆಯುವುದು ಇನ್ನೂ ವೇಗವಾಗುತ್ತದೆ. ಡಬ್ಬ ಸಮೇತ ತಂಪಾದ, ಗಾಳಿಯಾಡುವ, ಜನ ವಾಸಿಸದ ಜಾಗದಲ್ಲಿ ಬೇರೆಯಾಗಿ ಇಟ್ಟು, ಡಬ್ಬದ ಮೇಲಿನ ಬರಹದ ಫೋಟೊ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಬಂದ ನಂತರದ ಎರಡು ದಶಕಗಳಲ್ಲಿ ಕಳೆದುಹೋದ ಚಿತ್ರಗಳು ಬಹಳ. ಹಾಗೆ ಸಿಕ್ಕ ಡಬ್ಬ ಅಂಥ ಒಂದು ಚಿತ್ರದ ಉಳಿದ ಏಕೈಕ ಪ್ರತಿಯಾಗಿರಬಹುದು. ಡಬ್ಬ ತೆರೆದಾಗ ಕಂಡದ್ದು ನೊರೆ, ಗಡ್ಡೆ ಅಥವಾ ಪುಡಿಯಾಗಿದ್ದರೆ ಉಳಿಸುವ ಮಾತು ಮುಗಿದಿದೆ. ಅದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿ, ಬಯಲಿನಲ್ಲಿಟ್ಟು, ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ಅವರು ಬಂದು ಒಯ್ಯುವವರೆಗೆ ಮೇಲೆತ್ತಬೇಡಿ.